ಏಳು ಮನೆ ತೋರಿಸುವ ತಾಯಿ

(ಕೋಣಂದೂರು ಹತ್ತಿರದ ಒಂದು ಊರಿನ ಸಮುದಾಯ ಭವನದಲ್ಲಿ, ಮಳೆಗಾಲ ಶುರುವಾದ ವಾರದಲ್ಲಿ ಆಡಿದ ಮಾತು. ಕರೆಂಟ್ ಹೋಗಿ ಮೈಕ್ ಇರಲಿಲ್ಲ. ಹೆಂಚಿನ ಮೇಲೆ ಮಳೆ ಬೇರೆ. ಹಿಂದೆ ಕೂತವರಿಗೆ ಅರ್ಧ ಕೇಳಿಸಲಿಲ್ಲವಂತೆ, ಬರೆದು ಕೊಡಿ ಅಂದರು. ಬರೆಯುವಾಗ, ಅವತ್ತು ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ನಮಸ್ಕಾರ. ಹೊರಗಿನ ಬ್ಯಾನರಿನಲ್ಲಿ ನನ್ನ ಹೆಸರಿನ ಕೆಳಗೆ ‘ವನ್ಯಜೀವಿ ತಜ್ಞರು’ ಅಂತ ಹಾಕಿಸಿದ್ದೀರಿ. ನೋಡಿ ನನಗೇ ನಗು ಬಂತು. ನಾನು ದನದ ಡಾಕ್ಟ್ರು. ಇಲ್ಲಿ ಕೂತಿರುವ ಅರ್ಧ ಜನರ ಕೊಟ್ಟಿಗೆಗೆ ಬಂದಿದ್ದೇನೆ. ಕರು ಅಡ್ಡ ಸಿಕ್ಕಿಕೊಂಡಾಗ, ಕೆಚ್ಚಲು ಬಾವು ಬಂದಾಗ, ಇಲ್ಲವೇ ಕುರ್ಕ, ಅಂದರೆ ಚಿರತೆ, ಹಿಡಿದ ದನಕ್ಕೆ ಪರಿಹಾರ ಸಿಗಲಿ ಅಂತ ಪೋಸ್ಟ್‌ಮಾರ್ಟಂ ರಿಪೋರ್ಟ್ ಬರೆಯುವುದಕ್ಕೆ. ಹುಲಿ, ಚಿರತೆಗಳ ಜೊತೆ ನನ್ನ ನಂಟು ಶುರುವಾಗಿದ್ದೇ ಹಾಗೆ. ಅವು ಉಂಡು ಎದ್ದುಹೋದ ಎಲೆ ನೋಡುತ್ತಾ.

ನನ್ನನ್ನು ಕರೆಯಲು ಬಂದ ಹುಡುಗರು, “ಸರ್, ತಾಯಿ ಹುಲಿ ಮರಿಗೋಸ್ಕರ ಹೇಗೆ ಹೋರಾಡುತ್ತೆ, ಅದನ್ನ ಹೇಳಿ” ಅಂದರು. ಮೊಬೈಲಿಗೆ ಬರುವ ವಿಡಿಯೋಗಳೆಲ್ಲ ಅವೇ ಅಲ್ವಾ. ಹಲ್ಲು ಕಿರಿಯುವುದು, ಎಗರುವುದು, ಹಿಂದೆ ಡೋಲಿನ ಸದ್ದು. ಹೇಳುತ್ತೇನೆ. ಆದರೆ ತಾಯಿಯ ದಿನಚರಿಯಲ್ಲಿ ಹೋರಾಟ ತೀರಾ ಸಣ್ಣ ಪಾಲು. ಉಳಿದದ್ದೆಲ್ಲ ಬಚ್ಚಿಡುವ ಕೆಲಸ. ಬಚ್ಚಿಟ್ಟು, ಬಿಟ್ಟು ಹೋಗುವ ಕೆಲಸ. ಈ ಬಿಟ್ಟು ಹೋಗುವುದು ನಮಗೆ ಅರ್ಥವಾಗದೆ ಮರಿಗಳಿಗೆ ಮಾಡಿದ ಅನ್ಯಾಯ ಬಹಳ ಇದೆ. ಅದರಲ್ಲಿ ಒಂದು ನನ್ನ ಕೈಯಿಂದಲೇ ಆದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮನೆ ಬೆಕ್ಕಿನ ವಿಷಯ. ಅಟ್ಟದ ಮೇಲೆ ಹಳೇ ಗೋಣಿಚೀಲದ ಸಂದಿಯಲ್ಲಿ ಮರಿ ಹಾಕಿರುತ್ತದೆ. ಮಕ್ಕಳು ಒಂದು ಸಲ ಹತ್ತಿ ಇಣುಕಿದರೆ ಸಾಕು, ಮರುದಿನ ಅಲ್ಲಿ ಏನೂ ಇರುವುದಿಲ್ಲ. ಸೌದೆ ಕೊಟ್ಟಿಗೆಗೆ ಹೋಗಿರುತ್ತದೆ. ಅಲ್ಲಿಂದ ಪಕ್ಕದ ಮನೆಯ ಹುಲ್ಲಿನ ಅಟ್ಟಕ್ಕೆ. ಬೆಕ್ಕು ಮರಿಗೆ ಏಳು ಮನೆ ತೋರಿಸುತ್ತದೆ ಅಂತ ನಮ್ಮಮ್ಮ ಹೇಳುತ್ತಿದ್ದರು. ಏಳು ಅಂತ ಕೂತು ಎಣಿಸಿದವರು ಯಾರೂ ಇಲ್ಲ, ಆದರೆ ಮಾತು ಸರಿ. ತಾಯಿ ಕತ್ತಿನ ಹಿಂದಿನ ಸಡಿಲ ಚರ್ಮ ಕಚ್ಚಿ ಎತ್ತಿದ್ದೇ ತಡ, ಮರಿ ಕಾಲು ಮುದುಡಿ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಒದ್ದಾಡುವುದಿಲ್ಲ, ಕೂಗುವುದಿಲ್ಲ.

ಕುರ್ಕ ಮಾಡುವುದೂ ಇದೇ. ಬಂಡೆಯ ಸಂದಿ, ಬಿದಿರು ಮೆಳೆಯ ಬುಡ, ಲಂಟಾನದ ಮಟ್ಟಿ, ಬಿದ್ದ ಮರದ ಪೊಟರೆ, ಇಂಥ ಕಡೆ ಮರಿ ಹಾಕುತ್ತದೆ. ಮಂಡ್ಯ, ಮೈಸೂರು ಕಡೆ ಕಬ್ಬಿನ ಗದ್ದೆಯಲ್ಲೂ ಹಾಕುತ್ತದೆ, ಅದಕ್ಕೆ ಕಬ್ಬೂ ಕಾಡೇ. ಸುಮಾರು ಮೂರು ತಿಂಗಳ ಗರ್ಭ. ಸಾಮಾನ್ಯವಾಗಿ 2 ಅಥವಾ 3 ಮರಿ. ಒಂದೊಂದೂ ಅರ್ಧ ಕೆಜಿ ಆಸುಪಾಸು. ವಾರ, ಹತ್ತು ದಿನ ಕಣ್ಣೇ ಬಿಡುವುದಿಲ್ಲ. ಅಷ್ಟರೊಳಗೆ ತಾಯಿ ಒಂದೆರಡು ಮನೆ ಬದಲಾಯಿಸಿದರೂ ಆಶ್ಚರ್ಯವಿಲ್ಲ. ಒಂದೇ ಕಡೆ ಇದ್ದರೆ ಹಾಲಿನ ವಾಸನೆ, ಹೇಲು ಉಚ್ಚೆಯ ವಾಸನೆ ನಿಲ್ಲುತ್ತದೆ. ಸೀಳುನಾಯಿ ಹಿಂಡಿನ ಮೂಗಿಗೆ ಅದು ಸಾಕು. ಅದಕ್ಕೇ ತಾಯಿ ಮರಿಯ ಹೊಟ್ಟೆಯ ಕೆಳಭಾಗ ನೆಕ್ಕಿ ನೆಕ್ಕಿ ಅದು ಮಾಡುವಂತೆ ಮಾಡುತ್ತದೆ, ಮಾಡಿದ್ದನ್ನು ತಾನೇ ತಿಂದು ಜಾಗ ಚೊಕ್ಕಟ ಇಡುತ್ತದೆ. ಮುಖ ಕಿವುಚಬೇಡಿ. ಅದು ಹಾಗೆ ನೆಕ್ಕದಿದ್ದರೆ ಎಳೇ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿಯಿಲ್ಲದ ಬೆಕ್ಕಿನ ಮರಿ ಸಾಕಿದವರಿಗೆ ಇದು ಗೊತ್ತು. ಒದ್ದೆ ಹತ್ತಿಯಲ್ಲಿ ನಾವೇ ಒರೆಸಬೇಕು.

ಹುಲಿಯದ್ದು ಸುಮಾರು ಮೂರೂವರೆ ತಿಂಗಳು. 2ರಿಂದ 4 ಮರಿ. ಮರಿಯ ತೂಕ ಒಂದು ಕೆಜಿ ಸುಮಾರು. ದನದ ಡಾಕ್ಟ್ರಾಗಿ ನನಗೆ ಮೊದಲು ಹೊಳೆದದ್ದು ಈ ಲೆಕ್ಕವೇ. 120 ಕೆಜಿಯ ಹುಲಿಗೆ ಒಂದು ಕೆಜಿಯ ಕುರುಡು ಮರಿ. ಹೆಚ್ಚುಕಡಿಮೆ ಅಷ್ಟೇ ತೂಕದ ನಮ್ಮ ಮಲೆನಾಡು ಗಿಡ್ಡ ಎಂಟೊಂಬತ್ತು ಕೆಜಿಯ ಕರು ಹಾಕುತ್ತದೆ, ಕರು ಗಂಟೆಯೊಳಗೆ ಎದ್ದು ಕೆಚ್ಚಲು ಹುಡುಕುತ್ತದೆ. ಯಾಕೆ ಹೀಗೆ? ದನಕ್ಕೆ ಹೊಟ್ಟೆ ಹೊತ್ತುಕೊಂಡು ಹುಲ್ಲು ಮೇಯಬಹುದು. ಹುಲಿಗೆ ಆ ಹೊಟ್ಟೆ ಹೊತ್ತುಕೊಂಡು ಕಡವೆ ಹಿಡಿಯಲು ಆಗುತ್ತದೆಯೇ? ಹಾಗಾಗಿ ಅರ್ಧ ಬೆಂದದ್ದನ್ನೇ ಇಳಿಸಿ, ಉಳಿದದ್ದನ್ನು ಹೊರಗೆ ಬೇಯಿಸುತ್ತದೆ. ಅಡುಗೆಯವರಿಗೆ ಹೇಳುವ ಹಾಗೆ ಹೇಳಿದೆ, ಕ್ಷಮಿಸಿ.

ಗಿಡ್ಡದ ಮಾತು ಬಂತು. ಬೆಟ್ಟಕ್ಕೆ ಮೇಯಲು ಬಿಟ್ಟ ಗಬ್ಬದ ಗಿಡ್ಡ ಅಲ್ಲೇ ಕರು ಹಾಕಿ, ಹಳುವಿನಲ್ಲಿ ಮಲಗಿಸಿ, ಸಂಜೆ ಒಂದೇ ಬಂದು ಅಂಗಳದಲ್ಲಿ ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಹೊಟ್ಟೆ ಖಾಲಿ. ಕರು ಎಲ್ಲಿ? ಮರುದಿನ ಹಿಂದೆ ಹೋದರೆ ಬೇಕಂತಲೇ ಇನ್ನೊಂದು ದಿಕ್ಕಿಗೆ ತಿರುಗಿ, ಏನೂ ಆಗದ ಹಾಗೆ ಮೇಯುತ್ತದೆ. ನೀವು ಬೇಸತ್ತು ಮನೆಗೆ ಬಂದ ಮೇಲೆ ಹೋಗಿ ಹಾಲು ಕುಡಿಸಿ ಬರುತ್ತದೆ. ಆ ಗಿಡ್ಡವನ್ನು ‘ಕರು ಬಿಟ್ಟು ಬಂದ ಕೆಟ್ಟ ದನ’ ಅಂತ ಯಾರಾದರೂ ಬೈದಿದ್ದೀರಾ? ಇಲ್ಲ. ಕಳ್ಳಿ ಅಂತ ನಗುತ್ತೀರಿ. ಕುರ್ಕಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ.

ಈಗ ನನ್ನ ಕಥೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಹೊಸನಗರ ತಾಲ್ಲೂಕಿನ ಒಂದು ಊರು. ಫೆಬ್ರವರಿ ತಿಂಗಳು, ಸೊಪ್ಪಿನ ಬೆಟ್ಟದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲ. ಕೆಲಸದವರು ಒಂದು ಬಂಡೆಯ ಕೆಳಗೆ ಗುಡಿಸುವಾಗ ಎರಡು ಮರಿ ಸಿಕ್ಕವು. ದರಗಿನ ಜೊತೆ ಹೆಡಿಗೆಯಲ್ಲಿ ಹಾಕಿಕೊಂಡು ತೋಟದ ಮನೆಗೆ ತಂದರು. ನನಗೆ ಹೇಳಿ ಕಳಿಸಿದರು. ಹೋದೆ. ಜಗಲಿಯಲ್ಲಿ ಊರೇ ಸೇರಿತ್ತು. ಮೂರು ವಾರದ ಮರಿಗಳು ಇರಬೇಕು. ಬೂದು ಮಿಶ್ರಿತ ಮೈ, ಚುಕ್ಕೆಗಳು ಇನ್ನೂ ಮಸಿ ಹಚ್ಚಿದ ಹಾಗೆ ಒತ್ತೊತ್ತಾಗಿ, ಕಣ್ಣು ತಿಳಿ ನೀಲಿ. ಕೈ ಹಾಕಿದರೆ ‘ಹಾ’ ಅಂತ ಉಸಿರು ಬಿಡುತ್ತಿದ್ದವು. ಮನೆ ಯಜಮಾನರು ಹೇಳಿದರು, “ಪಾಪ ಡಾಕ್ಟ್ರೇ, ತಾಯಿ ಬಿಟ್ಟುಹೋಗಿದೆ. ನಾವು ಒಂದು ಗಂಟೆ ಅಲ್ಲೇ ಇದ್ವಿ, ಬರ್ಲೇ ಇಲ್ಲ.”

ಎಂಟು ಜನ ಕತ್ತಿ ಹಿಡಿದುಕೊಂಡು ಮಾತಾಡುತ್ತಾ ಕೂತರೆ ಯಾವ ತಾಯಿ ಬರುತ್ತದೆ? ಇದು ನನಗೆ ಅವತ್ತು ಹೊಳೆಯಲಿಲ್ಲ. ಇನ್ನೂ ದೊಡ್ಡ ವಿಷಯ ಎರಡು ಕಣ್ಣ ಮುಂದೆಯೇ ಇದ್ದವು. ಮರಿಗಳನ್ನು ಎತ್ತಿಕೊಂಡಾಗ ಹೊಟ್ಟೆ ಗುಂಡಗೆ, ಬಿಗಿಯಾಗಿ, ಚರ್ಮ ಎಳೆದ ಹಾಗಿತ್ತು. ಹಾಲು ಕುಡಿದ ಹೊಟ್ಟೆ. ಒಂದರ ಕಿವಿಯ ಹಿಂದೆ ಕೂದಲು ಗುಂಪು ಗುಂಪಾಗಿ ಅಂಟಿಕೊಂಡು ಇನ್ನೂ ತುಸು ಹಸಿಯಾಗಿತ್ತು. ನೆಕ್ಕಿದ ಹಸಿ. ಬೆಳಗಿನ ಜಾವ ತಾಯಿ ಅಲ್ಲೇ ಇತ್ತು ಅಂತ ಆ ಮರಿಗಳ ಮೈಯೇ ಹೇಳುತ್ತಿತ್ತು. ದಿನಾ ಕರುಗಳ ಹೊಟ್ಟೆ ಮುಟ್ಟಿ ಹಾಲು ಕುಡಿದಿದೆಯೋ ಇಲ್ಲವೋ ಅಂತ ಹೇಳುವವನು ನಾನು. ಮುಟ್ಟಿಯೂ ಓದಲಿಲ್ಲ.

ನಾನು ಮಾಡಿದ್ದು ಏನು ಗೊತ್ತಾ? ದನದ ಹಾಲು ಬಿಸಿ ಮಾಡಿಸಿ, ಚೂರು ಸಕ್ಕರೆ ಹಾಕಿ, ಇಂಕ್ ಫಿಲ್ಲರಿನಲ್ಲಿ ಕುಡಿಸಿದೆ. ಬೆಕ್ಕಿನ ಜಾತಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಜಾಸ್ತಿ. ದನದ ಹಾಲಿನಲ್ಲಿ ಅವು ಕಡಿಮೆ, ಹಾಲಿನ ಸಕ್ಕರೆ ಜಾಸ್ತಿ. ಅದರ ಮೇಲೆ ನಾನು ಇನ್ನೊಂದು ಚಮಚ ಸಕ್ಕರೆ. ರಾತ್ರಿಯಿಂದಲೇ ಬೇಧಿ ಹಿಡಿಯಿತು. ಮೂರನೇ ದಿನ ಸಣ್ಣದು ಸತ್ತಿತು. ಇನ್ನೊಂದನ್ನು ಜೀಪಿನಲ್ಲಿ ಬಂದು ತೆಗೆದುಕೊಂಡು ಹೋದರು. ಅದು ಆಮೇಲೆ ಬೋನಿನಲ್ಲೇ ಬೆಳೆಯಿತು.

ಆ ಮೂರು ರಾತ್ರಿಯೂ ತೋಟದ ಆಚೆ ದರೆಯ ಮೇಲಿಂದ ಸದ್ದು ಬರುತ್ತಿತ್ತು. ಕುರ್ಕದ ಕೂಗು ಕೇಳಿದವರಿಗೆ ಗೊತ್ತು, ಒಣ ಮರಕ್ಕೆ ಗರಗಸ ಹಾಕಿ ಎಳೆದ ಹಾಗೆ. ಸ್ವಲ್ಪ ಹೊತ್ತು ಎಳೆಯುತ್ತದೆ, ನಿಲ್ಲಿಸುತ್ತದೆ, ಕೇಳಿಸಿಕೊಳ್ಳುತ್ತದೆ. ಮತ್ತೆ ಎಳೆಯುತ್ತದೆ. ಎರಡನೇ ರಾತ್ರಿ ಅಂಗಳದ ತುದಿಯವರೆಗೂ ಬಂದದ್ದಕ್ಕೆ ಕೆಸರಿನಲ್ಲಿ ಹೆಜ್ಜೆ ಇತ್ತು. ಕೊಟ್ಟಿಗೆಯ ದನ ಒಂದನ್ನೂ ಮುಟ್ಟಿರಲಿಲ್ಲ. ಊರಿನವರು ಹೆದರಿ, ಕುರ್ಕ ಊರಿಗೇ ನುಗ್ಗುತ್ತಿದೆ, ಬೋನು ಇಡಿಸಿ ಅಂತ ಅರ್ಜಿ ಬರೆದರು. ಕೆಳಗೆ ನಾನೂ ಸಹಿ ಹಾಕಿದೆ.

ಸರಿ, ಮುಂದೆ ಹೋಗೋಣ.

ತಾಯಿ ಯಾಕೆ ಬಿಟ್ಟು ಹೋಗಲೇಬೇಕು ಅಂದರೆ, ಹೊಟ್ಟೆ ಲೆಕ್ಕ. ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೋ ಕಾಲರ್ ಕಟ್ಟಿ, ಅವುಗಳ ಹಿಂದೆ ವರ್ಷಗಟ್ಟಲೆ ಸುತ್ತಿದ ಉಲ್ಲಾಸ ಕಾರಂತರ ಹೆಸರು ಕೇಳಿದ್ದೀರಿ. ಅವರು ಕೊಡುವ ಲೆಕ್ಕ ಸುಲಭ. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯಷ್ಟು ದೊಡ್ಡ ಪ್ರಾಣಿ ಸುಮಾರು 50 ಬೇಕು. ಹಾಗೆ 50 ತೆಗೆದರೂ ಮುಗಿದುಹೋಗದೆ ಇರಬೇಕಾದರೆ ಕಾಡಿನಲ್ಲಿ 500 ಇರಬೇಕು. ಇದು ಒಂಟಿ ಹುಲಿಗೆ. ಬೆಳೆಯುವ ಮರಿ ಇರುವ ತಾಯಿಗೆ ವರ್ಷಕ್ಕೆ 60, 70 ಬೇಕಾಗುತ್ತದೆ ಅಂತ ನೇಪಾಳದ ಚಿತ್ವನ್ ಕಾಡಿನ ಅಧ್ಯಯನದಲ್ಲಿ ಲೆಕ್ಕ ಹಾಕಿದ್ದಾರೆ. ಅಂದರೆ ಐದಾರು ದಿನಕ್ಕೊಂದು. ಹುಲಿ ಎಗರಿದಾಗಲೆಲ್ಲ ಬೇಟೆ ಸಿಗುತ್ತದೆ ಅಂದುಕೊಂಡಿದ್ದರೆ ಅದು ಸಿನಿಮಾದ ಮಾತು. ಹೆಚ್ಚಿನ ಸಲ ತಪ್ಪುತ್ತದೆ. ಗಂಡು ಹುಲಿ ತಂದು ಹಾಕುವುದಿಲ್ಲ. ಅಜ್ಜಿ, ಚಿಕ್ಕಮ್ಮ ಯಾರೂ ಇಲ್ಲ. ಮರಿಗಳನ್ನು ಒಂದು ಕಡೆ ಒತ್ತಿ ಮಲಗಿಸಿ, ಅಲುಗಾಡಬೇಡಿ ಅಂತ ಹೇಳಿದ ಹಾಗೆ ಬಿಟ್ಟು, ರಾತ್ರಿಯೆಲ್ಲ ತಿರುಗಿ ಬರಬೇಕು. ದೊಡ್ಡ ಬೇಟೆ ಬಿದ್ದರೆ ಬರುವುದು ಇನ್ನೂ ತಡ. ಮರಿಗಳು ಅಷ್ಟು ಹೊತ್ತೂ ಉಸಿರಿಲ್ಲದ ಹಾಗೆ ಬಿದ್ದಿರುತ್ತವೆ. ಬಿದ್ದಿರಬೇಕು.

ಹೊಟ್ಟೆ ತುಂಬ ಸಿಗುವ ಕಾಡಿನಲ್ಲಿ ತಾಯಿಗೆ ಏನು ಸಾಧ್ಯ ಅನ್ನುವುದಕ್ಕೆ ಮಧ್ಯಪ್ರದೇಶದ ಪೆಂಚ್‌ನಲ್ಲಿ ಒಂದು ಹುಲಿ ಇತ್ತು, ಕಾಲರ್‌ವಾಲಿ ಅಂತ ಕರೆಯುತ್ತಿದ್ದರು. 8 ಸೂಲಿನಲ್ಲಿ 29 ಮರಿ. ಹೆಚ್ಚಿನವು ಬದುಕಿಕೊಂಡವು. 2022ರ ಜನವರಿಯಲ್ಲಿ ಅದು ಸತ್ತಾಗ ಸುತ್ತಲಿನ ಊರಿನವರು ಹೂ ಹಾಕಿ ಚಿತೆ ಏರಿಸಿದರು. ಆದರೆ ಅದನ್ನು ನೋಡಿ ಎಲ್ಲ ಹುಲಿಯೂ ಹೀಗೇ ಅಂದುಕೊಳ್ಳಬಾರದು. ಬಹಳ ಕಡೆ ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಹೋಗುತ್ತವೆ.

ನಮ್ಮ ಭದ್ರಾ ಕಾಡನ್ನೇ ನೋಡಿ. 1989ರ ಸುಮಾರಿಗೆ ಅಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಡುಕೋಣಗಳು ರಾಶಿ ರಾಶಿ ಸತ್ತವು. ದನದಿಂದ ಹೋದ ರೋಗ. ಆ ರೋಗ 2011ರಲ್ಲಿ ಭೂಮಿಯ ಮೇಲಿಂದಲೇ ಅಳಿಯಿತು ಅಂತ ಸಾರಿದರು. ನಮ್ಮ ಕಸುಬಿನವರು ಎದೆ ತಟ್ಟಿಕೊಂಡು ಹೇಳಬಹುದಾದ ಕೆಲವೇ ಗೆಲುವುಗಳಲ್ಲಿ ಅದೊಂದು, ಅದಕ್ಕೆ ನೆಪ ಸಿಕ್ಕಿದಾಗಲೆಲ್ಲ ಹೇಳುತ್ತೇನೆ. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2002ರ ಹೊತ್ತಿಗೆ ಒಳಗಿನ ಊರುಗಳ 400ಕ್ಕೂ ಹೆಚ್ಚು ಕುಟುಂಬ ಎದ್ದು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಬೇರೆ ಕಡೆಗೂ ಬಂದು ನೆಲೆಸಿದವು. ಅವರು ಬಿಟ್ಟ ಗದ್ದೆ ಬಯಲುಗಳಲ್ಲಿ ಹುಲ್ಲು ಬಂತು. ಹುಲ್ಲಿಗೆ ಜಿಂಕೆ, ಕಡವೆ, ಕಾಡುಕೋಣ ಬಂದವು. ಮರಿ ಹಾಕಿದ ಹುಲಿಗೆ ರಾತ್ರಿ ಎಷ್ಟು ದೂರ ಹೋಗಬೇಕು ಅನ್ನುವುದು ಇದರಿಂದ ತೀರ್ಮಾನವಾಗುತ್ತದೆ. ದೂರ ಕಡಿಮೆಯಾದಷ್ಟೂ ಮರಿಗಳು ಒಂಟಿಯಾಗಿ ಇರುವ ಹೊತ್ತು ಕಡಿಮೆ. ಊರು ಬಿಟ್ಟು ಬಂದವರು ಕೊಟ್ಟದ್ದು ಈ ಹೊತ್ತನ್ನ ಅಂತ ನನಗೆ ಅನಿಸುತ್ತದೆ. ಅವರಲ್ಲಿ ಕೆಲವರ ದನಕ್ಕೆ ಆಮೇಲೂ ನಾನು ಮದ್ದು ಕೊಟ್ಟಿದ್ದೇನೆ. ಹಳೇ ಊರಿನ ಮಾವಿನ ಮರದ ಮಾತು ತೆಗೆಯದೆ ಒಬ್ಬರೂ ಕಾಫಿ ಕೊಡುತ್ತಿರಲಿಲ್ಲ.

ಇನ್ನು ಹೋರಾಟ. ತಾಯಿಗೆ ಮರಿಯ ವಿಷಯದಲ್ಲಿ ದೊಡ್ಡ ಶತ್ರು ಯಾರು? ಅವತ್ತು ಸಭೆಯಲ್ಲಿ ಕೇಳಿದೆ. ಸೀಳುನಾಯಿ ಅಂದರು, ಮನುಷ್ಯ ಅಂದರು, ಹೆಬ್ಬಾವು ಅಂದರು. ಎಲ್ಲ ಸರಿ. ಆದರೆ ಅದೇ ಜಾತಿಯ ಹೊಸ ಗಂಡು ಇವೆಲ್ಲಕ್ಕಿಂತ ಕೆಟ್ಟದ್ದು. ಒಂದು ಗಂಡು ಹುಲಿಯ ಸೀಮೆಯೊಳಗೆ ಎರಡು ಮೂರು ಹೆಣ್ಣು ಹುಲಿಗಳ ಸೀಮೆ ಇರುತ್ತದೆ. ಹಳೇ ಗಂಡನ್ನು ಓಡಿಸಿ ಹೊಸದು ಬಂದರೆ, ಅದು ಹಳೆಯದರ ಮರಿಗಳನ್ನು ಕೊಲ್ಲುವುದುಂಟು. ಮರಿ ಇರುವ ಹೆಣ್ಣು ಒಂದೂವರೆ ಎರಡು ವರ್ಷ ಬೆದೆಗೆ ಬರುವುದಿಲ್ಲ. ಮರಿ ಹೋದರೆ ಬೇಗ ಬರುತ್ತದೆ. ಗಂಡಿಗೆ ಅಷ್ಟೇ ಬೇಕಾದದ್ದು. ಮುಂದಿನ ಸಾಲಿನ ಒಬ್ಬ ಹೆಂಗಸು “ಥೂ” ಅಂದರು. ಬಯ್ದು ಪ್ರಯೋಜನವಿಲ್ಲ ಅಮ್ಮಾ, ಅದರದ್ದೂ ಸೀಮೆ ನಾಲ್ಕೈದು ವರ್ಷದ ವೈಭೋಗ, ಆಮೇಲೆ ಇನ್ನೊಂದು ಬರುತ್ತದೆ.

ಇಂಥ ಹೊತ್ತಿನಲ್ಲಿ ತಾಯಿ ಎದುರು ನಿಲ್ಲುವುದೂ ಉಂಟು, ಏಟು ತಿಂದು ಸಾಯುವುದೂ ಉಂಟು. ಗಂಡು ಅದಕ್ಕಿಂತ ಒಂದೂವರೆ ಪಟ್ಟು ತೂಕ. ಹಾಗಾಗಿ ಬಲಕ್ಕಿಂತ ಉಪಾಯವೇ ಜಾಸ್ತಿ ಕಾಣುವುದು. ಮರಿಗಳಿರುವ ಕಡೆಯಿಂದ ಗಂಡನ್ನು ಬೇರೆ ದಿಕ್ಕಿಗೆ ಎಳೆದುಕೊಂಡು ಹೋಗುತ್ತದೆ. ಬೆದೆ ಇಲ್ಲದಿದ್ದರೂ ಬೆದೆಗೆ ಬಂದ ಹಾಗೆ ನಡೆದುಕೊಂಡದ್ದನ್ನೂ ನೋಡಿದವರಿದ್ದಾರೆ. ನಮ್ಮ ಗಿಡ್ಡ ಬೇರೆ ದಿಕ್ಕಿಗೆ ಮುಖ ಮಾಡಿ ಮೇಯುತ್ತದಲ್ಲ, ಅದರ ಅಕ್ಕ ಇದು.

ಗಂಡು ಅಂದರೆ ಎಲ್ಲ ಕೊಲೆಗಾರರೇ ಅಂತಲೂ ಅಲ್ಲ. ತನ್ನ ಮರಿ ಅಂತ ತಿಳಿದಿದ್ದರೆ ಬೇಟೆಯ ಹತ್ತಿರ ಬಿಟ್ಟುಕೊಳ್ಳುತ್ತದೆ. ರಾಜಸ್ಥಾನದ ರಣಥಂಬೋರಿನಲ್ಲಿ 2011ರಲ್ಲಿ ಟಿ-5 ಅನ್ನುವ ತಾಯಿ ಸತ್ತಿತು. ಮರಿಗಳು ಇನ್ನೂ ಸಣ್ಣವು. ಆಗ ಟಿ-25 ಅನ್ನುವ ಗಂಡು ಆ ಎರಡು ಮರಿಗಳ ಜೊತೆ ಓಡಾಡುತ್ತಾ ಕಾವಲು ಕಾದದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ತಮಾಷೆಯೆಂದರೆ ಮನುಷ್ಯರ ಮೇಲೆ ಎಗರುತ್ತದೆ ಅಂತ ಅದಕ್ಕೆ ಜನ ಮೊದಲೇ ‘ಜಾಲಿಮ್’ ಅಂತ ಹೆಸರಿಟ್ಟುಬಿಟ್ಟಿದ್ದರು. ಜಾಲಿಮ್ ಅಂದರೆ ಕ್ರೂರಿ.

ಸಿಂಹದ ವಿಷಯ ಬೇರೆ. ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಸಫಾರಿಯಲ್ಲಿ ಹುಲಿ, ಸಿಂಹ ಎರಡನ್ನೂ ಒಂದೇ ಬಸ್ಸಿನಲ್ಲಿ ಕೂತು ನೋಡಿ ಬರುತ್ತೇವೆ, ಎರಡೂ ಒಂದೇ ಥರ ಅನಿಸುತ್ತದೆ. ಸಂಸಾರ ಬೇರೆ ಬೇರೆ. ಹುಲಿಯದ್ದು ಒಂಟಿ ಮನೆ. ಸಿಂಹದ್ದು ಕೂಡು ಕುಟುಂಬ. ಅಕ್ಕ ತಂಗಿ, ತಾಯಿ ಮಗಳು ಒಟ್ಟಿಗೇ ಇರುತ್ತವೆ, ಸುಮಾರಾಗಿ ಒಂದೇ ಹೊತ್ತಿಗೆ ಮರಿ ಹಾಕುತ್ತವೆ. ಮೊದಲ ಒಂದೂವರೆ ತಿಂಗಳು ಪ್ರತಿ ತಾಯಿಯೂ ಬೇರೆಯಾಗಿ ಬಚ್ಚಿಡುತ್ತದೆ, ಆಮೇಲೆ ಎಲ್ಲವನ್ನೂ ತಂದು ಒಂದೇ ಹಿಂಡು ಮಾಡುತ್ತವೆ. ಅಕ್ಕನ ಮರಿ ತಂಗಿಯ ಮೊಲೆಗೆ ಬಾಯಿ ಹಾಕಿದರೂ ಬಿಡುತ್ತವೆ, ಸ್ವಲ್ಪ ಗುರ್ ಅನ್ನುತ್ತವೆ ಅಷ್ಟೇ. ಹೊಸ ಗಂಡುಗಳು ಬಂದಾಗ ನಾಲ್ಕು ಹೆಣ್ಣು ಒಟ್ಟಿಗೆ ನಿಂತರೆ ಅದರ ಕಥೆಯೇ ಬೇರೆ. ಮೊಬೈಲಿನಲ್ಲಿ ನೀವು ನೋಡುವ ಹೋರಾಟಗಳಲ್ಲಿ ಬಹುಪಾಲು ಈ ಸಿಂಹಗಳದ್ದೇ, ಅದೂ ಆಫ್ರಿಕಾದ ಬಯಲಿನದ್ದು. ಬಯಲಿನಲ್ಲಿ ಕ್ಯಾಮೆರಾಕ್ಕೆ ಕಾಣುತ್ತದೆ. ನಮ್ಮ ಕಾಡಿನ ತಾಯಿ ಮಾಡುವುದು ಯಾರಿಗೂ ಕಾಣದ ಹಾಗೆ. ಕಂಡರೆ ಅದು ಸೋತ ಹಾಗೆ.

ಚೀತಾದ ಬಗ್ಗೆ ಎರಡೇ ಮಾತು. ಪೇಪರಿನವರು ಒಂದೊಂದು ಸಲ ಚೀತಾಕ್ಕೂ ಚಿರತೆ ಅಂತಲೇ ಬರೆಯುತ್ತಾರೆ, ಅದು ಬೇರೆ ಪ್ರಾಣಿ, ನಮ್ಮ ಕುರ್ಕ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ 8 ಚೀತಾ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. 2023ರ ಮಾರ್ಚಿನಲ್ಲಿ ಒಂದು 4 ಮರಿ ಹಾಕಿತು. ಮೇ ತಿಂಗಳ ಸೆಕೆಯಲ್ಲಿ 3 ಸತ್ತವು. ಆಫ್ರಿಕಾದ ಸೆರೆಂಗೆಟಿಯಲ್ಲಿ ಒಂದು ಕಾಲದಲ್ಲಿ ಎಣಿಸಿದಾಗ ನೂರು ಮರಿಗೆ ಐದು ಮಾತ್ರ ದೊಡ್ಡವಾಗುತ್ತಿದ್ದವು, ಹೆಚ್ಚಿನವನ್ನು ಸಿಂಹಗಳೇ ಮುಗಿಸುತ್ತಿದ್ದವು. ಬೇರೆ ಕಡೆ ಇಷ್ಟು ಕೆಟ್ಟದಾಗಿಲ್ಲ. ಓಡುವುದರಲ್ಲಿ ಅದರ ಸರಿಸಾಟಿ ಇಲ್ಲ, ಮರಿ ಬಾಯಲ್ಲಿ ಹಿಡಿದುಕೊಂಡು ಓಡಲು ಆಗುವುದಿಲ್ಲವಲ್ಲ.

ಮರಿಗಳ ಪಾಠಶಾಲೆಗೆ ಬರೋಣ. ಎರಡು ತಿಂಗಳಾಗುವ ಹೊತ್ತಿಗೆ ಹುಲಿಮರಿ ಮಾಂಸದ ರುಚಿ ನೋಡುತ್ತದೆ. ಐದಾರು ತಿಂಗಳಿಗೆ ಹಾಲು ಬಿಡುತ್ತದೆ. ಆಮೇಲೆ ತಾಯಿಯ ಹಿಂದೆ ಹಿಂದೆ ಬೇಟೆಗೆ. ಹುಲಿಯ ಕಿವಿಯ ಹಿಂದೆ ಬಿಳಿ ಬೊಟ್ಟು ಇದೆ, ಕುರ್ಕದ ಬಾಲದ ತುದಿಯ ಅಡಿ ಬಿಳಿ. ಹುಲ್ಲಿನೊಳಗೆ, ಕತ್ತಲೆಯಲ್ಲಿ ಹಿಂದೆ ಬರುವ ಮರಿಗೆ ಅದೇ ಗುರುತು ಅನ್ನುತ್ತಾರೆ. ಬೈಕಿನ ಹಿಂದಿನ ಕೆಂಪು ದೀಪ ಇದ್ದ ಹಾಗೆ. ತಾಯಿ ಒಂದೊಂದು ಸಲ ಬೇಟೆಯನ್ನು ಪೂರ್ತಿ ಕೊಲ್ಲದೆ ಮರಿಗಳ ಮುಂದೆ ಬಿಡುತ್ತದೆ. ಅವು ಹಾರುತ್ತವೆ, ಜಾರುತ್ತವೆ, ಎಲ್ಲಿ ಕಚ್ಚಬೇಕೋ ಗೊತ್ತಾಗದೆ ಬಾಲ ಕಚ್ಚುತ್ತವೆ. ಒಂದು ವರ್ಷದ ಹೊತ್ತಿನವರೆಗೂ ಅವುಗಳ ಬಾಯಲ್ಲಿ ಇರುವುದು ಹಾಲಿನ ಕೋರೆಹಲ್ಲೇ. ಉದ್ದ ಕೋರೆಹಲ್ಲು ಬಂದು ಗಟ್ಟಿಯಾಗಬೇಕು. ಕರುವಿನ ವಯಸ್ಸನ್ನು ನಾವು ಹಲ್ಲು ನೋಡಿ ಹೇಳುತ್ತೇವಲ್ಲ, ಹುಲಿಮರಿ ತಾಯಿಯನ್ನು ಬಿಡುವ ವಯಸ್ಸೂ ಹಲ್ಲಿನಲ್ಲೇ ಇದೆ. ಹಲ್ಲಿಲ್ಲದೆ ಬಿಟ್ಟರೆ ಉಪವಾಸ. ಅದಕ್ಕೇ ಒಂದೂವರೆ, ಎರಡು ವರ್ಷ ಜೊತೆಗೇ ಇರುತ್ತವೆ.

ಮನೆಗೆ ತಂದ ಮರಿ ಮತ್ತೆ ಕಾಡಿನದ್ದಾಗುವುದು ಯಾಕೆ ಕಷ್ಟ ಅಂದರೆ ಇದಕ್ಕೆ. ಬಾಟಲಿ ಹಾಲು ಕುಡಿಸಬಹುದು, ಈ ಎರಡು ವರ್ಷದ ಪಾಠ ಯಾರು ಹೇಳಿಕೊಡುತ್ತಾರೆ? ಅದಕ್ಕಿಂತ ಕೆಟ್ಟದ್ದು, ಅದಕ್ಕೆ ಮನುಷ್ಯರ ಹೆದರಿಕೆ ಹೋಗಿರುತ್ತದೆ. ಹಾಗೆ ಆದದ್ದೇ ಇಲ್ಲ ಅಂತ ಹೇಳಲಾರೆ. ಮಧ್ಯಪ್ರದೇಶದ ಪನ್ನಾದಲ್ಲಿ 2009ರ ಹೊತ್ತಿಗೆ ಒಂದು ಹುಲಿಯೂ ಉಳಿದಿರಲಿಲ್ಲ. ಬೇರೆ ಕಡೆಯಿಂದ ತಂದು ಬಿಟ್ಟರು. ಅದರಲ್ಲಿ ಕಾನ್ಹಾದ ಎರಡು ಅನಾಥ ಹೆಣ್ಣು ಮರಿಗಳೂ ಇದ್ದವು. ದೊಡ್ಡ ಬೇಲಿಯೊಳಗೆ, ಜನರ ಸಂಪರ್ಕ ಆದಷ್ಟು ಕಡಿಮೆ ಮಾಡಿ, ಬೇಟೆ ಕಲಿಸಿ ಬೆಳೆಸಿದ್ದರು. 2011ರಲ್ಲಿ ಬಿಟ್ಟರು, ಅವೂ ಮರಿ ಹಾಕಿದವು. ಆದರೆ ಅದು ಸರ್ಕಾರ, ವರ್ಷಗಳು, ಕೋಟಿ ಲೆಕ್ಕದ ಕೆಲಸ. ತೋಟದ ಮನೆಯ ಜಗಲಿಯಲ್ಲಿ ಆಗುವಂಥದ್ದಲ್ಲ.

ನನ್ನ ಎರಡನೇ ಕಥೆ ನಿವೃತ್ತಿಗೆ ಎರಡು ವರ್ಷ ಇದ್ದಾಗಿನದು. ಅಕೇಶಿಯಾ ಕಡಿಯುತ್ತಿದ್ದ ಜಾಗ, ಪಕ್ಕದಲ್ಲೇ ಅಡಿಕೆ ತೋಟ. ಕೊಂಬೆ ರಾಶಿಯ ಅಡಿ ಕುರ್ಕದ ಮೂರು ಮರಿ. ನಾನು ಹೋಗುವಷ್ಟರಲ್ಲಿ ಹುಡುಗರ ಸೆಲ್ಫಿ ಎಲ್ಲ ಮುಗಿದಿತ್ತು. ಈ ಸಲ ಮೊದಲು ಹೊಟ್ಟೆ ಮುಟ್ಟಿದೆ. ಮೂರೂ ಗುಂಡಗಿದ್ದವು. “ತಾಯಿ ಇಲ್ಲೇ ಇದೆ, ನಮ್ಮನ್ನ ನೋಡ್ತಾ ಇದೆ” ಅಂದೆ. ಸೆಲ್ಫಿಯ ಹುಡುಗ ಒಂದೇ ಸಲ ಜೀಪಿನೊಳಗೆ ಹೋಗಿ ಕೂತ.

ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬು ಕಡಿಯುವಾಗ ಮರಿ ಸಿಗುವುದು ಪ್ರತಿ ವರ್ಷದ ಗೋಳು. ಅಲ್ಲಿನ ಅರಣ್ಯದವರೂ ಡಾಕ್ಟರುಗಳೂ ಹತ್ತಾರು ಸಲ ಮಾಡಿ ತೋರಿಸಿದ ದಾರಿ ಒಂದಿದೆ. ಸಿಕ್ಕಿದ ಜಾಗದಲ್ಲೇ, ಅದೇ ದಿನ ಸಂಜೆ, ಮರಿಗಳನ್ನು ಒಂದು ಡಬ್ಬದಲ್ಲಿ ಇಟ್ಟು ಜನ ಎಲ್ಲ ಹಿಂದೆ ಸರಿಯುವುದು. ಅಷ್ಟೇ. ನಮಗೆ ಸಿಕ್ಕಿದ್ದು ಟೊಮೆಟೊ ಸಾಗಿಸುವ ನೀಲಿ ಕ್ರೇಟು. ಮೇಲೆ ಹಗುರದ ಮುಚ್ಚಳ, ತಾಯಿ ಮೂಗಿನಲ್ಲಿ ತಳ್ಳಿದರೆ ಬೀಳುವಂಥದ್ದು. ಮರಕ್ಕೆ ಕ್ಯಾಮೆರಾ ಕಟ್ಟಿದರು. ಅಡಿಕೆ ಕಾಯಲು ಬರುವವರಿಗೂ ಅವತ್ತು ರಜೆ ಹೇಳಿದೆವು.

ಮರುದಿನ ಆ ವಿಡಿಯೋ ನೋಡಿದೆ. ಕತ್ತಲೆಯಾಗಿ ಬಹಳ ಹೊತ್ತು ಏನೂ ಇಲ್ಲ, ಒಂದು ಇಲಿ ಕ್ರೇಟಿನ ಮೇಲೆ ಓಡಿತು. ಹನ್ನೊಂದೂವರೆ ದಾಟಿದ ಮೇಲೆ ತಾಯಿ ಬಂತು. ನೇರ ಬರಲಿಲ್ಲ. ದೂರದಲ್ಲಿ ಕೂತಿತು. ನಮ್ಮ ಹಸು ಅಪರಿಚಿತ ಬಕೆಟ್ ನೋಡುವ ಹಾಗೆ ಆ ಕ್ರೇಟನ್ನೇ ನೋಡುತ್ತಾ ಕೂತಿತು. ಒಳಗಿಂದ ಒಂದು ಮರಿ ಕೂಗಿತು. ಆಗಲೂ ಎದ್ದು ಬರಲಿಲ್ಲ. ಒಂದು ಸುತ್ತು ಹಾಕಿತು. ಆಮೇಲೆ ಬಂದು ಮುಚ್ಚಳದ ಅಂಚಿಗೆ ಮೂಗು ಕೊಟ್ಟು ಎತ್ತಿತು, ಬಿದ್ದ ಸದ್ದಿಗೆ ತಾನೇ ಹಿಂದೆ ಹಾರಿತು. ಒಂದು ಮರಿ ಎತ್ತಿಕೊಂಡು ಹೋಯಿತು. ಮುಕ್ಕಾಲು ಗಂಟೆಗೆ ಬಂದು ಇನ್ನೊಂದು. ಮೂರನೆಯದು ಒಂದೇ ಉಳಿಯಿತು. ಅಷ್ಟು ಹೊತ್ತು ಸುಮ್ಮನಿದ್ದ ಅದು ಕ್ರೇಟಿನ ಗೋಡೆಗೆ ಕಾಲು ಕೊಟ್ಟು ನಿಲ್ಲುತ್ತಿತ್ತು, ಬೀಳುತ್ತಿತ್ತು. ಗಂಟೆ ಒಂದಾಯಿತು, ಎರಡಾಯಿತು. ಆಫೀಸಿನಲ್ಲಿ ಹಗಲು ಹೊತ್ತಿನಲ್ಲಿ ಕೂತು ನೋಡುತ್ತಿದ್ದ ನಮಗೇ ಬೆವರು. ಮೂರಕ್ಕೆ ಸ್ವಲ್ಪ ಮೊದಲು ತಾಯಿ ಬಂತು. ಈ ಸಲ ಸುತ್ತು ಹಾಕಲಿಲ್ಲ. ನೇರ ಬಂದು ಎತ್ತಿಕೊಂಡಿತು. ಮರಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹುಡುಗ ಕೇಳಿದ, “ಸರ್, ನಾವು ಮುಟ್ಟಿದ್ರೆ ತಾಯಿ ಸೇರಿಸಲ್ಲ ಅಂತಾರಲ್ಲ?” ಸುಳ್ಳು. ಆ ಮರಿಗಳ ಮೇಲೆ ಇಪ್ಪತ್ತು ಜನರ ಕೈವಾಸನೆ ಇತ್ತು. ಆದರೆ ಮುಟ್ಟಬಹುದು ಅಂತ ಅರ್ಥವಲ್ಲ. ಮರಿ ಕಂಡರೆ ಕೆಲಸ ನಿಲ್ಲಿಸಿ ಹಿಂದೆ ಬನ್ನಿ, ಅರಣ್ಯದವರಿಗೆ ಫೋನ್ ಮಾಡಿ. ಮನೆಗೆ ತಂದು ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಪರಾಧ, ಅದನ್ನೂ ಹೇಳಿಬಿಡುತ್ತೇನೆ.

ತೋಟದವರೊಬ್ಬರು, “ಮರಿ ಇರೋ ಕುರ್ಕ ಎದುರಿಗೇ ಬಂದ್ರೆ ಎಂತ ಮಾಡದು ಮಾರಾಯ್ರೇ?” ಅಂದರು. ಕಿವಿ ಹಿಂದಕ್ಕೆ ಒತ್ತಿ, ಗುರ್ ಅಂತ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತರೆ ಸಾಮಾನ್ಯವಾಗಿ ಅದು ‘ಹೋಗು’ ಅಂತ ಹೇಳುತ್ತಿದೆ. ಓಡಬೇಡಿ. ಬೆನ್ನು ತಿರುಗಿಸಬೇಡಿ. ಬಗ್ಗಬೇಡಿ. ಅದರ ಕಡೆಗೆ ಮುಖ ಇಟ್ಟುಕೊಂಡೇ ನಿಧಾನ ಹಿಂದೆ ಸರಿಯಿರಿ. ನಿಮ್ಮ ನಾಯಿ ಜೊತೆಗಿದ್ದರೆ ಕೆಲಸ ಕೆಡುತ್ತದೆ. ನಾಯಿ ಹೋಗಿ ಬೊಗಳಿ, ಅದು ಅಟ್ಟಿಸಿದಾಗ ನಿಮ್ಮ ಕಾಲ ಸಂದಿಗೇ ಬರುತ್ತದೆ.

ಕೊನೆಗೆ ಒಬ್ಬರು ಅಜ್ಜಿ. ಎಂಬತ್ತರ ಮೇಲೆ ಇರಬೇಕು. ಅಷ್ಟು ಹೊತ್ತೂ ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೇಳುತ್ತಿದ್ದರು. “ಅಲ್ಲ ಡಾಕ್ಟ್ರೇ, ದೊಡ್ಡವಾದ ಮೇಲೆ ಮಕ್ಕಳು ಎಲ್ಲಿ ಹೋಗ್ತಾವೆ?”

ಗಂಡು ದೂರ ಹೋಗುತ್ತದೆ, ಎಷ್ಟೋ ಮೈಲಿ, ಜಾಗ ಸಿಗುವವರೆಗೂ. ಹೆಣ್ಣು ಸಾಧ್ಯವಾದರೆ ತಾಯಿಯ ಪಕ್ಕದಲ್ಲೇ ನಿಲ್ಲುತ್ತದೆ, ತಾಯಿಯೇ ತನ್ನ ಸೀಮೆಯಲ್ಲಿ ಒಂದು ಪಾಲು ಬಿಟ್ಟುಕೊಡುವುದುಂಟು ಅಂದೆ. ರಣಥಂಬೋರಿನ ಮಛಲಿಯ ಕಥೆಯನ್ನೂ ಹೇಳಿದೆ. ಮೊಸಳೆಯ ಜೊತೆ ಕಾದಾಡಿದ ಹುಲಿ ಅದು, 2016ರಲ್ಲಿ ಸತ್ತಿತು, ಆಗ ಅದಕ್ಕೆ 19 ವರ್ಷದ ಹತ್ತಿರ. ಕಾಡಿನ ಹುಲಿಗೆ ಅದು ಬಹಳ ದೊಡ್ಡ ವಯಸ್ಸು. ಕೋಟೆಯ ಕೆಳಗೆ, ಕೆರೆಗಳ ಸುತ್ತ ಒಳ್ಳೇ ಜಾಗ ಅದರದ್ದು. ಆ ಜಾಗವನ್ನು ಕೊನೆಗೆ ಕಿತ್ತುಕೊಂಡದ್ದು ಅದರ ಮಗಳೇ. ತಾಯಿ ಅಂಚಿಗೆ ಹೋಗಿ ಉಳಿದ ವರ್ಷ ಕಳೆಯಿತು.

ಅಜ್ಜಿ ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದರು. ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ಒಮ್ಮೆ ನೋಡಿದರು.

“ಕೆರೆ ಪಕ್ಕದ ಜಾಗ ಅಂದ್ರೆ ಸುಮ್ನೇನಾ” ಅಂದರು.

ಸಭೆ ನಗುತ್ತಿರುವಾಗಲೇ ಕರೆಂಟ್ ಬಂತು. ಮೈಕ್ ಕೀ ಅಂತ ಕೂಗಿತು. ಯಾರೋ ಎದ್ದು ಅದನ್ನು ಆರಿಸಿದರು.